ನೊಣ ಹೊಡೆಯುವ ಕೆಲಸ

ಕಚೇರಿಯಲ್ಲಿ ನನಗೆ ‘ಒಂದು ಸಾಲು’ ಎಂದು ಅಡ್ಡಹೆಸರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಅದನ್ನು ಯಾರೂ ಕರೆದದ್ದು ನನಗೆ ನೆನಪಿಲ್ಲ. ಸಂಶೋಧನೆಗೆ ಸರ್ಕಾರದ ಅನುದಾನ ಕೇಳಿ ಬರುವ ಅರ್ಜಿಗಳೆಲ್ಲ ಮೊದಲು ನಮ್ಮ ವಿಭಾಗಕ್ಕೆ ಬರುತ್ತವೆ. ಒಂದೊಂದೂ ದಿಂಬಿನಷ್ಟು ದಪ್ಪ. ಅನುದಾನ ಸಮಿತಿಯ ಒಂಬತ್ತು ಜನ ಸದಸ್ಯರಿಗೆ ಅಷ್ಟನ್ನೂ ಓದುವ ಪುರಸೊತ್ತಿಲ್ಲ. ಅದಕ್ಕೇ ನಾವು ಒಂದು ಪಟ್ಟಿ ಮಾಡಿ ಕೊಡುತ್ತೇವೆ. ಮೊದಲ ಕಾಲಂನಲ್ಲಿ ಸಂಸ್ಥೆ, ಎರಡನೆಯದರಲ್ಲಿ ವಿಜ್ಞಾನಿ, ಮೂರನೆಯದರಲ್ಲಿ ಅವಧಿ. ನಾಲ್ಕನೆಯದರ ತಲೆಬರಹ ‘ಜನಸಾಮಾನ್ಯರ ಮಾತಿನಲ್ಲಿ, ಒಂದೇ ಸಾಲಿನಲ್ಲಿ’. ಆ ಸಾಲು ಬರೆಯುವವನು ನಾನು. ಹದಿನಾರು ವರ್ಷದಿಂದ ಅದೇ ಕೆಲಸ.

ಸುಳ್ಳು ವಿನಯ ಯಾಕೆ, ಚೆನ್ನಾಗಿಯೇ ಬರೆಯುತ್ತಿದ್ದೆ. ಮುನ್ನೂರು ಪುಟ ಓದಿ, ಅದರ ಹೊಟ್ಟೆಯೊಳಗಿನ ಒಂದು ಮಾತು ಹಿಡಿದು ಹೊರಗೆ ಎಳೆಯುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಸಮುದ್ರದ ಉಪ್ಪಿನ ಮೇಲೆ ಬಂದ ಒಂದು ಅರ್ಜಿಗೆ ‘ಉಪ್ಪು ನೀರನ್ನು ಕಡಿಮೆ ಖರ್ಚಿನಲ್ಲಿ ಕುಡಿಯುವ ನೀರು ಮಾಡುವುದು’ ಎಂದು ಬರೆದಿದ್ದೆ. ಆ ವಿಜ್ಞಾನಿಯೇ ಫೋನ್ ಮಾಡಿ, ‘ನಾನು ಏನು ಮಾಡ್ತಿದೀನಿ ಅಂತ ಇವತ್ತು ನಮ್ಮಮ್ಮನಿಗೆ ಗೊತ್ತಾಯ್ತು ಸಾರ್’ ಎಂದಿದ್ದರು. ಅಂಥ ಮಾತು ಕೇಳಿದರೆ ಯಾರಿಗಾದರೂ ತಲೆ ನಿಲ್ಲುತ್ತದೆಯೇ? ನನ್ನದಂತೂ ನಿಲ್ಲಲಿಲ್ಲ. ಬರಬರುತ್ತ ತಿಳಿಸುವುದು ಸಾಲದು, ನಗಿಸಬೇಕು ಎಂಬ ಚಾಳಿ ಹತ್ತಿತು. ಪಟ್ಟಿ ಓದುತ್ತ ನಮ್ಮ ಸಾಹೇಬರು ಒಂದೆರಡು ಸಲ ನಕ್ಕರು, ಸದಸ್ಯರೂ ನಕ್ಕರು. ಅಲ್ಲಿಂದ ನನ್ನ ಪೆನ್ನಿಗೆ ಹಿಡಿತ ಇಲ್ಲದಾಯಿತು.

ಈಗ ಅಕ್ಕನ ವಿಷಯ ಹೇಳಬೇಕು.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಪ್ಪ ಹೋದ ಮೇಲೆ ಮನೆ ನಿಂತದ್ದು ಅವಳ ಹೆಗಲ ಮೇಲೆ. ಇಪ್ಪತ್ತೈದನೇ ವಯಸ್ಸಿಗೆ ಅವಳಿಗೆ ಊರಾಚೆಯ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಏನು ಕೆಲಸ ಅಂದರೆ ನೊಣಗಳಿಗೆ ಅಡುಗೆ ಮಾಡುವುದು. ತಮಾಷೆಯಲ್ಲ, ನಿಜವಾಗಿಯೂ ಅಡುಗೆಯೇ. ಕಳಿತ ಬಾಳೆಹಣ್ಣಿನ ಮೇಲೆ ಗುಂಯ್ ಎನ್ನುವ ಸಾಸಿವೆ ಕಾಳಿನಷ್ಟು ಸಣ್ಣ ನೊಣಗಳನ್ನು ಅಲ್ಲಿ ಗಾಜಿನ ಬಾಟಲಿಗಳಲ್ಲಿ ಸಾಕುತ್ತಾರೆ. ಅವುಗಳಿಗೆ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಹಾಕಿ ಗಂಜಿ ಕಾಯಿಸಿ, ಬಾಟಲಿಗಳ ತಳಕ್ಕೆ ಎರಡು ಬೆರಳಿನಷ್ಟು ಸುರಿದು, ಆರಿದ ಮೇಲೆ ಹತ್ತಿಯ ಬಿರಡೆ ಹಾಕಿ ಇಡಬೇಕು. ಆ ಗಂಜಿಯ ಮೇಲೇ ನೊಣ ಕೂರುತ್ತದೆ, ತಿನ್ನುತ್ತದೆ, ಮೊಟ್ಟೆ ಇಡುತ್ತದೆ. ಗಂಜಿ ಹಳಸಿದರೆ ಬಾಟಲಿಗೆ ಬಾಟಲಿಯೇ ಹೋಯಿತು. ಭಾನುವಾರ ಇಲ್ಲ, ಹಬ್ಬ ಇಲ್ಲ, ಜ್ವರ ಇಲ್ಲ. ನನ್ನ ಮದುವೆಯ ದಿನ ಬೆಳಿಗ್ಗೆ ಐದಕ್ಕೇ ಹೋಗಿ ಗಂಜಿ ಕಾಯಿಸಿಟ್ಟು ಬಂದಳು. ಮೈಯೆಲ್ಲ ಯೀಸ್ಟ್ ವಾಸನೆ ಹೊಡೆಯುತ್ತಿತ್ತು. ನನ್ನ ಅತ್ತೆ ಮೂಗು ಮುಚ್ಚಿಕೊಂಡರು, ಅಕ್ಕ ನಕ್ಕು ದೂರ ಹೋಗಿ ಕುಳಿತಳು.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಮನೆಯಾಕೆ ನನ್ನನ್ನು ನಿಲ್ಲಿಸಿ, ‘ನಿಮ್ಮಕ್ಕ ಏನ್ ಕೆಲಸ ಮಾಡ್ತಾಳಪ್ಪಾ’ ಎಂದು ಕೇಳಿದ್ದರು. ನಾನು, ‘ನೊಣ ಹೊಡೆಯೋ ಕೆಲಸ, ಅದಕ್ಕೂ ಸಂಬಳ ಕೊಡ್ತಾರೆ’ ಎಂದೆ. ಕೆಲಸವಿಲ್ಲದೆ ಕೂತವರಿಗೆ ನಾವೆಲ್ಲ ಆಡುವ ಮಾತು ಅದು. ಅಕ್ಕನಿಗೆ ಅದು ಎಷ್ಟು ಹಿಡಿಸಿತೆಂದರೆ ಅಂದಿನಿಂದ ಅದು ಮನೆಮಾತಾಯಿತು. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, ‘ನಾನು ನೊಣ ಹೊಡೆದು ಬರ್ತೀನಿ ಕಣೋ ಗುಂಡ’ ಎಂದೇ ಹೊರಡುತ್ತಿದ್ದಳು. ಆ ಸಂಬಳದಲ್ಲಿ ನಾನು ಓದಿದೆ, ಪರೀಕ್ಷೆ ಕಟ್ಟಿದೆ, ಈ ಕುರ್ಚಿಗೆ ಬಂದು ಕುಳಿತೆ. ಬಂದ ಮೇಲೆ ಯಾರಾದರೂ ಕೇಳಿದರೆ, ‘ಅಕ್ಕ ಸಂಶೋಧನಾ ಸಂಸ್ಥೆಯಲ್ಲಿದ್ದಾರೆ’ ಎನ್ನುತ್ತಿದ್ದೆ. ಅವರು ವಿಜ್ಞಾನಿ ಎಂದುಕೊಂಡರೆ ಅದು ಅವರ ತಪ್ಪು ಎಂಬ ಹಾಗೆ ಸುಮ್ಮನಿರುತ್ತಿದ್ದೆ. ನನ್ನ ಸಣ್ಣತನ ಶುರುವಾದದ್ದು ಈ ಅರ್ಜಿಯಿಂದಲ್ಲ, ಅಲ್ಲಿಂದಲೇ.

ಹೋದ ವರ್ಷದ ಪಟ್ಟಿಗೆ ಅಕ್ಕನ ನೊಣಗಳ ಕೋಣೆಯ ಅರ್ಜಿಯೂ ಬಂತು. ಕಳಿಸಿದವರು ಅಲ್ಲಿಯ ವಿಜ್ಞಾನಿ, ಅಕ್ಕ ಅವರನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಆಕೆ ಮಾಡುತ್ತಿದ್ದದ್ದು ಒಂದೇ ಕೆಲಸ. ಪ್ರತಿ ಪೀಳಿಗೆಯಲ್ಲೂ ತೀರ ಮುದಿಯಾದ ನೊಣಗಳು ಇಟ್ಟ ಮೊಟ್ಟೆಗಳನ್ನಷ್ಟೇ ಉಳಿಸಿಕೊಂಡು, ಅದರಿಂದ ಮುಂದಿನ ಪೀಳಿಗೆ ಬೆಳೆಸುವುದು. ಹಾಗೆ ಮಾಡುತ್ತ ಮಾಡುತ್ತ ಅವರ ಕೋಣೆಯ ನೊಣಗಳು ಬೇರೆ ನೊಣಗಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕಾಲ ಬದುಕುವಂತಾಗಿದ್ದವು. ಸುಮ್ಮನೆ ಬದುಕುವುದಲ್ಲ, ಮುದಿ ವಯಸ್ಸಿನಲ್ಲೂ ಗೋಡೆ ಹತ್ತುತ್ತಿದ್ದವು. ಅದು ಹೇಗೆ, ಅವುಗಳ ಮೈಯಲ್ಲಿ ಏನು ಬದಲಾಯಿತು ಎಂದು ಪತ್ತೆ ಮಾಡಲು ಇನ್ನೂ ಐದು ವರ್ಷ ಬೇಕು ಎಂಬುದು ಅರ್ಜಿ. ‘ಮುಪ್ಪು ಯಾಕೆ ಬರುತ್ತದೆ, ತಡವಾಗಿ ಬರಿಸಬಹುದೇ ಎಂದು ತಿಳಿಯುವುದು’ ಎಂದು ಬರೆದಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಸಮಿತಿಯಲ್ಲಿ ಮುಪ್ಪು ಬರದವರು ಯಾರಿದ್ದರು?

ಮೊದಲು ಹಾಗೇ ಬರೆದಿದ್ದೆ. ಆಮೇಲೆ ಕೈ ತುರಿಸಿತು. ಅದನ್ನು ಹೊಡೆದು ಹಾಕಿ ಹೀಗೆ ಬರೆದೆ: ‘ಸರ್ಕಾರದ ಖರ್ಚಿನಲ್ಲಿ ಇಪ್ಪತ್ತೆರಡು ವರ್ಷದಿಂದ ನೊಣ ಹೊಡೆಯುವ ಕೆಲಸ, ಇನ್ನೂ ಐದು ವರ್ಷ ಬಾಕಿ.’

ಸಾಹೇಬರನ್ನು ಒಮ್ಮೆ ನಗಿಸಿ ಆಮೇಲೆ ತಿದ್ದಿಬಿಡೋಣ ಎಂದುಕೊಂಡಿದ್ದೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಪಕ್ಕದ ವಿಭಾಗದವರನ್ನೂ ಕರೆದು ಓದಿ ಹೇಳಿದರು. ‘ಇದನ್ನ ಹಾಗೇ ಬಿಡ್ರೀ, ಮೂರು ಗಂಟೆ ಕೂತು ತೂಕಡಿಸೋ ಸದಸ್ಯರು ಒಂದು ಸಲ ನಗಲಿ’ ಎಂದರು. ‘ಬೇಡ ಸಾರ್, ಅದು ನಮ್ಮಕ್ಕನ ಕೆಲಸ’ ಎಂದು ನಾನು ಹೇಳಬಹುದಿತ್ತು. ಹೇಳಿದರೆ ಅಕ್ಕ ನೊಣಕ್ಕೆ ಗಂಜಿ ಕಾಯಿಸುವವಳು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಜೊತೆಗೆ ಹೊಗಳಿಕೆ ಬಾಯಿಗೆ ಬಿದ್ದ ಹೊತ್ತಿನಲ್ಲಿ ಉಗುಳಲು ಮನಸ್ಸೂ ಬರಲಿಲ್ಲ. ಹಲ್ಲು ಕಿರಿದು ಸುಮ್ಮನಾದೆ.

ಸದಸ್ಯರು ನಕ್ಕರು. ಚೆನ್ನಾಗಿಯೇ ನಕ್ಕರು. ನಕ್ಕ ಮೇಲೆ ಆ ಅರ್ಜಿಯನ್ನು ಯಾರೂ ತೆರೆಯಲಿಲ್ಲ. ‘ಶಿಫಾರಸು ಇಲ್ಲ’ ಎಂಬ ಮೊಹರು ಬಿತ್ತು. ಹಳೆಯ ಅನುದಾನ ಮುಗಿದಿದ್ದರಿಂದ ಒಂದು ತಿಂಗಳಲ್ಲಿ ಕೋಣೆಯ ಇಬ್ಬರು ಸಂಶೋಧನಾ ಸಹಾಯಕರು ಬೇರೆ ಕಡೆ ಹೋದರು. ಉಳಿದವರು ಡಾಕ್ಟ್ರಮ್ಮ ಮತ್ತು ಅಕ್ಕ. ಮೇಲ್ಮನವಿ ಹಾಕಿದರೆ ಒಂದು ಸಲ ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಇರುತ್ತದೆ. ಡಾಕ್ಟ್ರಮ್ಮ ಹಾಕಿದರು. ಅಲ್ಲಿಯವರೆಗೆ ಕೋಣೆ ನಡೆಸಲು ಸಂಸ್ಥೆಯ ನಿರ್ದೇಶಕರು ಒಪ್ಪಿದರು. ಆಗದಿದ್ದರೆ ಖಾಲಿ ಮಾಡಬೇಕು ಎಂಬ ಮಾತಿನ ಮೇಲೆ.

ಅಕ್ಕ ನಮ್ಮ ಮನೆಗೆ ಬಂದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದಳು.

‘ಗುಂಡ, ನಮ್ಮ ನೊಣದ ಕಾಗದ ನಿಮ್ಮ ಕಚೇರಿಗೇ ಬಂದಿದೆಯಂತೆ. ಯಾಕೆ ಬೇಡ ಅಂದ್ರು ಅಂತ ಡಾಕ್ಟ್ರಮ್ಮನಿಗೆ ತಿಳೀತಾನೇ ಇಲ್ಲ. ಸ್ವಲ್ಪ ನೋಡೋ. ಇಪ್ಪತ್ತೆರಡು ವರ್ಷ ಒಂದು ದಿನ ಬಿಡದೆ ಸಾಕಿದೀವಿ. ಒಂದ್ಸಲ ಸತ್ರೆ ಮತ್ತೆ ಮೊದಲಿಂದ ಮಾಡೋಕೆ ಆಕೆಗೂ ಆಯಸ್ಸಿಲ್ಲ, ನನಗೂ ಇಲ್ಲ.’

‘ಬೇರೆ ಕಡೆ ಕಳಿಸಿ ಇಡಬಹುದಲ್ಲ ಅಕ್ಕ.’

‘ಹನ್ನೊಂದು ಕಡೆ ಬರೆದ್ರು. ಅಷ್ಟು ಬಾಟಲಿ ಸಾಕೋಕೆ ಜಾಗ ಇಲ್ಲ, ಜನ ಇಲ್ಲ ಅಂದ್ರು. ನೀನು ನೋಡೋ.’

‘ನೋಡ್ತೀನಿ’ ಎಂದೆ. ನನ್ನ ಹೆಂಡತಿ ಟೀ ಸೋಸುತ್ತಿದ್ದವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಅಕ್ಕ ಹೋದ ಮೇಲೆ, ‘ಏನ್ ಮಾಡಿದೀರಿ’ ಎಂದು ಕೇಳಿದಳು. ಹೇಳಿದೆ. ಅವಳು ನನ್ನ ಟೀ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಮೇಲ್ಮನವಿಯ ವಿಚಾರಣೆ ಒಂದು ಬುಧವಾರ ಬೆಳಿಗ್ಗೆ ಇತ್ತು. ಉದ್ದನೆಯ ಮೇಜು, ಒಂಬತ್ತು ನೀರಿನ ಲೋಟ, ಮೂಲೆಯಲ್ಲಿ ನಡಾವಳಿ ಬರೆಯಲು ನಾನು. ಪ್ರಯೋಗಾಲಯದ ಕಡೆಯಿಂದ ಇಬ್ಬರು ಬರಬಹುದು ಎಂಬುದು ನಿಯಮ. ಸಹಾಯಕರು ಬಿಟ್ಟುಹೋಗಿದ್ದರಲ್ಲ, ಡಾಕ್ಟ್ರಮ್ಮ ಅಕ್ಕನನ್ನು ಕರೆತಂದಿದ್ದರು. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಚೀಲದಲ್ಲಿ ಎರಡು ಬಾಟಲಿ ಇಟ್ಟುಕೊಂಡು ಬಂದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. ನಮ್ಮವನೊಬ್ಬ ಒಳಗಿದ್ದಾನೆ ಎಂಬ ಧೈರ್ಯ. ನಾನು ಕಾಗದ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಅವಳಿಗೆ ಅರ್ಥವಾಯಿತು, ಗುರುತು ತೋರಿಸಿಕೊಳ್ಳಲಿಲ್ಲ. ನನಗೆ ತೊಂದರೆ ಆಗದಿರಲಿ ಎಂದುಕೊಂಡಿರಬೇಕು.

ಸಮಿತಿಯಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವ ಒಬ್ಬ ಸದಸ್ಯರಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ಆಮೇಲೆ ಚುನಾವಣೆಗೆ ನಿಂತು ಗೆದ್ದವರು. ಅವರು ಏನು ಹೇಳುತ್ತಾರೋ ಉಳಿದ ಎಂಟು ಜನ ಅದಕ್ಕೆ ತಲೆಯಾಡಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಅವರನ್ನು ಕೆಟ್ಟವರೆಂದು ತೋರಿಸಿದರೆ ನನ್ನ ತಪ್ಪು ಸ್ವಲ್ಪ ಹಗುರಾಗುತ್ತಿತ್ತೇನೋ, ಆದರೆ ಅವರು ಹಾಗಿರಲಿಲ್ಲ.

ಡಾಕ್ಟ್ರಮ್ಮ ಹತ್ತು ನಿಮಿಷ ಮಾತಾಡಿದರು. ಒಳ್ಳೆಯ ಕೆಲಸಗಾರ್ತಿ, ಆದರೆ ಮಾತು ಪಾಠ ಒಪ್ಪಿಸಿದ ಹಾಗೆ. ಇಬ್ಬರು ಸದಸ್ಯರು ಫೋನ್ ನೋಡಲು ಶುರು ಮಾಡಿದರು. ಮೇಷ್ಟ್ರು ಕೈಯೆತ್ತಿ ತಡೆದರು.

‘ಅಮ್ಮಾ, ನಾನೊಂದು ನೇರವಾಗಿ ಕೇಳ್ತೀನಿ. ನಮ್ಮ ಕಡೆ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿಗೆ ಒಬ್ಬರೇ ನರ್ಸು. ಅಲ್ಲಿಗೆ ಕೊಡದೆ ನೊಣಕ್ಕೆ ಯಾಕೆ ಕೊಡಬೇಕು? ಇದರಿಂದ ಏನು ಬರುತ್ತೆ, ಯಾವಾಗ ಬರುತ್ತೆ?’

‘ಏನು ಬರುತ್ತೆ ಅಂತ ಈಗಲೇ ಹೇಳೋಕೆ ಆಗಲ್ಲ ಸಾರ್. ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ.’

‘ಹಾಗಾದ್ರೆ ಖಾಸಗಿ ಕಂಪನಿಯವರನ್ನ ಕೇಳಬೇಕಪ್ಪಾ.’

‘ಕೇಳಿದೀನಿ. ಮೂರು ವರ್ಷದಲ್ಲಿ ಮಾರೋಕೆ ಏನು ಸಿಗುತ್ತೆ ಅಂದ್ರು. ಇಪ್ಪತ್ತೆರಡು ವರ್ಷ ಕಾಯೋಕೆ ಯಾವ ವ್ಯಾಪಾರಿಗೂ ಆಗಲ್ಲ. ಅಷ್ಟು ಕಾಯಬಲ್ಲದ್ದು ಸರ್ಕಾರ ಒಂದೇ.’

‘ಸರ್ಕಾರ ಕಾಯುತ್ತೆ, ನನಗೆ ಓಟು ಹಾಕಿದೋರು ಕಾಯಲ್ಲ’ ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಡಾಕ್ಟ್ರಮ್ಮ ಪೆಚ್ಚಾಗಿ ಕಾಗದ ತಿರುವತೊಡಗಿದರು.

ಆಗ ಅಕ್ಕ ಎದ್ದು ನಿಂತಳು. ಅವಳಿಗೆ ಯಾರೂ ಮಾತಾಡು ಎಂದಿರಲಿಲ್ಲ. ಚೀಲದಿಂದ ಎರಡೂ ಬಾಟಲಿ ತೆಗೆದು ಮೇಷ್ಟ್ರ ಮುಂದೆ ಇಟ್ಟಳು.

‘ಸಾರ್, ನಾನು ಓದಿದವಳಲ್ಲ, ಇವುಗಳಿಗೆ ಗಂಜಿ ಕಾಯಿಸೋಳು. ಈ ಬಾಟಲಿ ನೋಡಿ, ಇದು ಎಲ್ಲ ಕಡೆ ಇರೋ ನೊಣ. ಏಳು ವಾರ ಆಗಿದೆ. ತಳದಲ್ಲಿ ಬಿದ್ಕೊಂಡಿವೆ, ಅರ್ಧಕ್ಕರ್ಧ ಸತ್ತಿವೆ. ಇದು ನಮ್ಮದು. ಇದಕ್ಕೂ ಏಳೇ ವಾರ. ಸ್ವಲ್ಪ ತಟ್ಟಿ ನೋಡಿ ಸಾರ್.’

ಮೇಷ್ಟ್ರು ಬೆರಳಿನಿಂದ ತಟ್ಟಿದರು. ತಳಕ್ಕೆ ಬಿದ್ದ ನೊಣಗಳು ಒಂದರ ಹಿಂದೆ ಒಂದು ಗಾಜು ಹತ್ತತೊಡಗಿದವು. ಮೇಷ್ಟ್ರು ಇನ್ನೊಮ್ಮೆ ತಟ್ಟಿದರು. ಫೋನ್ ನೋಡುತ್ತಿದ್ದವರೂ ಕುರ್ಚಿಯಿಂದ ಎದ್ದು ಬಂದು ಬಗ್ಗಿದರು.

‘ಇದರಿಂದ ಏನು ಬರುತ್ತೋ ನನಗೆ ಗೊತ್ತಿಲ್ಲ ಸಾರ್’ ಎಂದಳು ಅಕ್ಕ. ‘ನಮ್ಮಮ್ಮ ಕೊನೇ ಆರು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ಇವು ಏಳ್ತಾವಲ್ಲ, ಹೇಗೆ ಅಂತ ಒಬ್ರಾದ್ರೂ ನೋಡಬೇಕಲ್ವಾ? ನರ್ಸು ಬೇಡ ಅಂತ ನಾನು ಹೇಳ್ತಿಲ್ಲ. ನರ್ಸಮ್ಮ ಇವತ್ತಿನ ನೋವು ನೋಡ್ಕೋತಾರೆ. ನಾಳೆ ಬರೋದನ್ನ ನೋಡೋರೂ ಬೇಕು. ಇದು ಯಾವ ಅಂಗಡೀಲೂ ಸಿಗಲ್ಲ ಸಾರ್. ಇದೊಂದೇ ಕೋಣೇಲಿ ಇರೋದು.’

ಹದಿನಾರು ವರ್ಷ ನಾನು ಬರೆದ ಎಲ್ಲ ಸಾಲುಗಳನ್ನು ಒಟ್ಟು ಸೇರಿಸಿದರೂ ಆ ಮಾತಿನ ಮುಂದೆ ನಿಲ್ಲುತ್ತಿರಲಿಲ್ಲ. ನಾಲ್ಕನೇ ಕಾಲಂ ಅವಳಿಗೆ ಕೊಡಬೇಕಿತ್ತು. ನನಗಾದದ್ದು ಹೆಮ್ಮೆಯೋ ನಾಚಿಕೆಯೋ ಬಿಡಿಸಿ ಹೇಳಲಾರೆ.

ಮೇಷ್ಟ್ರು ಬಾಟಲಿ ಕೆಳಗಿಟ್ಟು ಪಟ್ಟಿ ತೆಗೆದರು. ‘ಮತ್ತೆ ಇಲ್ಲಿ ಹೀಗ್ಯಾಕೆ ಬರೆದಿದೆ?’ ಎಂದು ನಾಲ್ಕನೇ ಕಾಲಂ ಗಟ್ಟಿಯಾಗಿ ಓದಿದರು.

ಡಾಕ್ಟ್ರಮ್ಮನ ಮುಖ ಕೆಂಪಗಾಯಿತು. ‘ಇದು ನಮ್ಮ ಅರ್ಜಿಯಲ್ಲಿ ಇಲ್ಲ ಸಾರ್. ಇದನ್ನ ಬರೆದವರು ಯಾರು?’

‘ಅದನ್ನೇ ನಾನೂ ಕೇಳ್ತಿರೋದು’ ಎಂದರು ಮೇಷ್ಟ್ರು. ಧ್ವನಿ ಬದಲಾಗಿತ್ತು. ‘ಇದು ನಿಮ್ಮ ಮಾತಲ್ಲ ಅಂದ್ರೆ ನಮ್ಮನ್ನ ಯಾರೋ ದಾರಿ ತಪ್ಪಿಸಿದ ಹಾಗಾಯ್ತು. ಆಗ ಹೋದ ಸಲದ ತೀರ್ಮಾನ ಬಿಟ್ಟು, ಮೊದಲಿಂದ ನೋಡಬೇಕಾಗುತ್ತೆ. ಯಾರು ಬರೆದದ್ದು?’

ಸಾಹೇಬರು ಮೆಲ್ಲಗೆ ನನ್ನ ಕಡೆ ತಿರುಗಿದರು. ಏಳಬೇಕು, ‘ನಾನು ಸಾರ್’ ಎನ್ನಬೇಕು, ಅಷ್ಟೇ. ಎರಡು ಪದ. ನಾನು ಏಳಲಿಲ್ಲ. ಕೆಲಸ ಹೋಗುತ್ತದೆ, ಅಮಾನತು ಮಾಡುತ್ತಾರೆ, ಮಗಳ ಕಾಲೇಜು, ಮನೆಯ ಬಾಡಿಗೆ ಎಂದು ತಲೆಯೊಳಗೆ ಏನೇನೋ ಓಡಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆ ಮಾತು ಎಲ್ಲಿಂದ ಬಂತೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ನಾನು ಚಿಕ್ಕವನಿದ್ದಾಗ ಯಾರದೋ ಕಿಟಕಿ ಗಾಜು ಒಡೆದು ಓಡಿ ಬಂದರೆ ಮಾಡುತ್ತಿದ್ದಳಲ್ಲ, ಹಾಗೆ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು.

‘ನಾನೇ ಸಾರ್ ಅಂದಿದ್ದು’ ಎಂದಳು. ‘ಕಚೇರಿಯಿಂದ ಫೋನ್ ಬಂದಿತ್ತು, ಸುಲಭವಾಗಿ ಹೇಳಿ ಅಂದ್ರು. ನಾನು ತಮಾಷೆಗೆ, ನೊಣ ಹೊಡೆಯೋ ಕೆಲಸ ಅಂದೆ. ನಾನು ಯಾವಾಗ್ಲೂ ಹಾಗೇ ಅನ್ನೋದು. ಅವರು ಬರ್ಕೊಂಡ್ರು. ಅವರದೇನೂ ತಪ್ಪಿಲ್ಲ.’

ಡಾಕ್ಟ್ರಮ್ಮ ತಿರುಗಿ ಅಕ್ಕನನ್ನು ನೋಡಿದರು. ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ತನ್ನ ಬೆನ್ನ ಹಿಂದೆ ಹೀಗೆ ಆಡಿದಳೇ ಎಂಬ ನೋಟ. ‘ನೀವಾ ಅಕ್ಕಾ’ ಎಂದರು, ಅಷ್ಟೇ. ಆಕೆಯೂ ಅಕ್ಕ ಎಂದೇ ಕರೆಯುತ್ತಿದ್ದದ್ದು.

ಮೇಷ್ಟ್ರು ಪಟ್ಟಿ ಮಡಿಸಿದರು. ‘ಅಲ್ಲೇ ಇದ್ದು ಸಂಬಳ ತಗೊಳ್ಳೋರೇ ಇದನ್ನ ನೊಣ ಹೊಡೆಯೋ ಕೆಲಸ ಅಂದ್ರೆ, ಜನರ ದುಡ್ಡು ಕೊಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಮ್ಮಾ? ಇಷ್ಟು ಹೊತ್ತು ನೀವು ಹೇಳಿದ್ದನ್ನ ನಂಬಿಬಿಟ್ಟಿದ್ದೆ’ ಎಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಉಳಿದವರು ತಲೆಯಾಡಿಸಿದರು. ಮೇಲ್ಮನವಿ ತಿರಸ್ಕೃತವಾಯಿತು.

ಇದೆಲ್ಲ ನಡೆಯುವಾಗ ನನ್ನ ಕೈ ನಿಂತಿರಲಿಲ್ಲ. ಎಲ್ಲವನ್ನೂ ಬರೆದುಕೊಂಡೆ. ‘ಸದರಿ ಮಾತು ತಮ್ಮದೇ ಎಂದು ಪ್ರಯೋಗಾಲಯದ ಸಿಬ್ಬಂದಿಯೊಬ್ಬರು ಒಪ್ಪಿಕೊಂಡರು’ ಎಂಬ ಸಾಲು ನನ್ನ ಅಕ್ಷರದಲ್ಲೇ ಇದೆ. ಅಕ್ಷರ ಒಂದಿಷ್ಟೂ ನಡುಗಿಲ್ಲ, ಬೇಕಾದರೆ ಕಡತ ತೆಗೆದು ನೋಡಬಹುದು. ಮಧ್ಯಾಹ್ನ ಊಟಕ್ಕೂ ಏಳದೆ ತಿರಸ್ಕಾರದ ಪತ್ರ ಟೈಪು ಮಾಡಿ, ಸಹಿ ಮಾಡಿಸಿ, ನಾಲ್ಕು ಗಂಟೆಯೊಳಗೆ ಸಂಸ್ಥೆಗೆ ಕಳಿಸಿದೆ. ಕೆಲಸದಲ್ಲಿ ನಾನು ಯಾವತ್ತೂ ಚುರುಕು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕುಳಿತಿದ್ದವಳು ಎದ್ದುಬಿಟ್ಟಳು.

‘ನಾಳೆ ಬೆಳಿಗ್ಗೆ ಹೋಗಿ ಆ ಮೇಷ್ಟ್ರಿಗೆ ಹೇಳ್ಬಿಡಿ.’

‘ಅದಕ್ಕೊಂದು ಕ್ರಮ ಇದೆ ಕಣೇ. ನಡಾವಳಿಯಲ್ಲಿ ತಪ್ಪಿದ್ರೆ ಮುಂದಿನ ಸಭೇಲಿ, ಓದಿ ಹೇಳುವಾಗ ತಿದ್ದಬೇಕು. ಮುಂದಿನ ಗುರುವಾರ ಸಭೆ.’

‘ಎಂಟು ದಿನ ಕಾಯೋಕೆ ಅದೇನು ಮದುವೆ ಮುಹೂರ್ತಾನಾ? ಹೋಗಿ ಹೇಳೋಕೆ ಎಂಟು ನಿಮಿಷ ಸಾಕು.’

ಕ್ರಮ ಇದ್ದದ್ದು ನಿಜ. ಆದರೆ ನಾನು ಕ್ರಮದ ಹಿಂದೆ ಅವಿತುಕೊಂಡದ್ದೂ ನಿಜ. ಗುರುವಾರ ಬಂತು, ಸಭೆಯ ಗುರುವಾರವಲ್ಲ, ವಿಚಾರಣೆಯ ಮಾರನೆಯ ದಿನದ ಗುರುವಾರ. ಮೇಷ್ಟ್ರು ನಮ್ಮ ಕಚೇರಿಯ ಮೆಟ್ಟಿಲಲ್ಲೇ ಎದುರಾದರು. ‘ಏನ್ರೀ, ಚೆನ್ನಾಗಿದೀರಾ’ ಎಂದರು. ‘ಇದೀನಿ ಸಾರ್’ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಶುಕ್ರವಾರ ಅಕ್ಕನ ಫೋನ್ ಬಂತು, ಎತ್ತಲಿಲ್ಲ. ಭಾನುವಾರ ಅವಳ ಮನೆ ಕಡೆ ಹೋಗಬೇಕಾದ ಕೆಲಸವಿತ್ತು, ಬೇರೆ ರಸ್ತೆ ಹಿಡಿದೆ. ಅವಳ ಮುಖ ನೋಡುವ ಮುಂಚೆ ಎಲ್ಲ ಸರಿಮಾಡಿ, ಆಮೇಲೆ ಹೋಗಿ ನಿಲ್ಲುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಗುರುವಾರದ ಸಭೆಯಲ್ಲಿ ನಡಾವಳಿ ಓದಲು ಎದ್ದೆ. ಆ ಸಾಲು ಬಂತು. ಓದಿ, ನಿಲ್ಲಿಸಿ, ‘ಇದು ಸುಳ್ಳು ಸಾರ್’ ಎಂದೆ. ‘ಆ ಮಾತು ಬರೆದವನು ನಾನು. ಯಾರಿಗೂ ಫೋನ್ ಮಾಡಿರಲಿಲ್ಲ. ಅವತ್ತು ಒಪ್ಪಿಕೊಂಡೋರು ನನ್ನ ಸ್ವಂತ ಅಕ್ಕ. ನನ್ನ ಕೆಲಸ ಉಳಿಸೋಕೆ ಹಾಗಂದ್ರು.’

ಹೇಳಿ ಮುಗಿಸಿದ ಕೂಡಲೇ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಛೇ, ಒಂಥರಾ ಹೆಮ್ಮೆಯೂ ಆಯಿತು. ಎಂಥ ಪ್ರಾಣಿ ನಾನು ಎಂಬುದಕ್ಕೆ ಈ ಹೆಮ್ಮೆಗಿಂತ ಬೇರೆ ಸಾಕ್ಷಿ ಬೇಡ.

ಯಾರೂ ಕೂಗಾಡಲಿಲ್ಲ. ಸಾಹೇಬರು ಮೇಜಿನ ಗೆರೆ ನೋಡುತ್ತ, ‘ಸ್ವಲ್ಪ ಸಲುಗೆ ಜಾಸ್ತಿ ಆಗಿತ್ತು ಸಾರ್, ಇನ್ನು ಮುಂದೆ ಹಾಗಾಗದ ಹಾಗೆ ನೋಡ್ಕೋತೀವಿ’ ಎಂದರು. ಮೇಷ್ಟ್ರೂ ಬೈಯಲಿಲ್ಲ.

‘ತಪ್ಪು ಒಪ್ಪಿಕೊಂಡ್ರಲ್ಲ, ಅದನ್ನ ಆಮೇಲೆ ನೋಡೋಣ. ಮೊದಲು ಆ ಹೆಣ್ಮಗಳ ಕೆಲಸ ನಿಲ್ಲಬಾರದು. ಮೇಲ್ಮನವಿಯನ್ನ ಮತ್ತೆ ವಿಚಾರಣೆಗೆ ತೆಗೆದುಕೊಳ್ಳೋಣ, ನನ್ನ ಒಪ್ಪಿಗೆ ಇದೆ. ಆ ಡಾಕ್ಟರಿಗೆ ಫೋನ್ ಹಾಕ್ರೀ, ನಾನೇ ಹೇಳ್ತೀನಿ’ ಎಂದರು.

ಸಾಹೇಬರು ಫೋನ್ ಹಚ್ಚಿ ಕೊಟ್ಟರು. ಮೇಷ್ಟ್ರು ಹೇಳಿದರು, ಕೇಳಿದರು, ‘ಹಾಂ’ ಎಂದರು, ‘ಯಾವತ್ತು’ ಎಂದರು. ಆಮೇಲೆ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

‘ನಮ್ಮ ಪತ್ರ ಅವತ್ತೇ ಸಂಜೆ ತಲುಪಿತಂತೆ. ಶನಿವಾರ ಕೋಣೆ ಖಾಲಿ ಮಾಡಿಸಿದಾರೆ’ ಎಂದರು. ‘ಮುಂದಿನ ವಿಷಯ ತಗೊಳ್ಳಿ.’

ಮುಂದಿನ ವಿಷಯ ಯಾವುದಿತ್ತೋ, ಏನು ಬರೆದುಕೊಂಡೆನೋ ನೆನಪಿಲ್ಲ. ಸಭೆ ಮುಗಿದ ಕೂಡಲೇ ಬಸ್ಸು ಹಿಡಿದು ಸಂಸ್ಥೆಗೆ ಹೋದೆ. ಇಷ್ಟು ವರ್ಷದಲ್ಲಿ ಅಕ್ಕ ಕೆಲಸ ಮಾಡುವ ಕೋಣೆಯನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಎಲ್ಲ ಬರಿದು. ಬಾಗಿಲು ಹಾರುಹೊಡೆದಿತ್ತು. ಒಳಗಿನ ತೊಟ್ಟಿಯ ಹತ್ತಿರ ಅಕ್ಕ ಸೆರಗು ಸಿಕ್ಕಿಸಿಕೊಂಡು ಬಾಟಲಿ ತೊಳೆಯುತ್ತಿದ್ದಳು. ನೂರಾರು ಬಾಟಲಿ. ತೊಳೆದವನ್ನು ಬಟ್ಟೆಯ ಮೇಲೆ ಬೋರಲು ಹಾಕಿದ್ದಳು. ಡಾಕ್ಟ್ರಮ್ಮ ಪಕ್ಕದ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ನನ್ನನ್ನು ಕಂಡೂ ಕೈಯಲ್ಲಿದ್ದ ಪುಸ್ತಕ ಪೆಟ್ಟಿಗೆಯೊಳಗಿಟ್ಟು ಇನ್ನೊಂದು ತೆಗೆದುಕೊಂಡರು.

‘ಹೇಳ್ಬಿಟ್ಟೆ ಅಕ್ಕ’ ಎಂದೆ. ‘ಸಭೇಲಿ ಎಲ್ಲರ ಮುಂದೆ. ನಿನ್ನದಲ್ಲ, ನನ್ನದು ಅಂತ.’

ಅಕ್ಕ ತಲೆಯೆತ್ತಲಿಲ್ಲ. ಬ್ರಷ್ಷನ್ನು ಬಾಟಲಿಯೊಳಗೆ ತಿರುಗಿಸುತ್ತಲೇ ಹೇಳಿದಳು.

‘ಮೇಷ್ಟ್ರು ಫೋನ್ ಮಾಡಿದ್ದು ಡಾಕ್ಟ್ರಮ್ಮ ಹೇಳಿದ್ರು. ನೊಣ ಸಾಯಿಸೋದನ್ನ ಬೇರೆ ಯಾರ ಕೈಲೂ ಮಾಡಿಸಬೇಡಿ ಅಂತ ನಾನೇ ಬೇಡ್ಕೊಂಡೆ ಕಣೋ. ನಾನೇ ಫ್ರೀಜರಿಗೆ ಇಟ್ಟೆ. ಒಂದೊಂದೇ ಟ್ರೇ. ಶುಕ್ರವಾರ ನಿನಗೆ ಫೋನ್ ಮಾಡಿದ್ದು ಅದಕ್ಕೇ. ಎರಡು ದಿನ ತಡೆಯೋಕೆ ನಿಮ್ಮ ಕಚೇರಿಯಿಂದ ಒಂದು ಮಾತು ಹೇಳಿಸಕ್ಕೆ ಆಗುತ್ತಾ ಅಂತ ಕೇಳೋಣ ಅಂತ.’

ಕ್ಷಮಿಸು ಎಂಬಷ್ಟು ಚಿಕ್ಕ ಮಾತನ್ನು ಅವಳ ಮುಂದೆ ಇಡಲು ನಾಚಿಕೆಯಾಯಿತು.

ಇನ್ನೊಂದು ಬಾಟಲಿ ಕೈಗೆತ್ತಿಕೊಂಡು ಅವಳೇ ಕೇಳಿದಳು. ‘ನಿನ್ನ ಕೆಲಸ? ಏನಂದ್ರು?’

‘ಏನೂ ಅನ್ನಲಿಲ್ಲ ಅಕ್ಕ.’

‘ಅಮಾನತು ಗಿಮಾನತು?’

‘ಇಲ್ಲ. ಇನ್ಮೇಲೆ ಹುಷಾರಾಗಿರಿ ಅಂದ್ರು, ಅಷ್ಟೇ.’

ಬ್ರಷ್ಷು ನಿಂತಿತು. ಅಕ್ಕ ನಲ್ಲಿ ಮುಚ್ಚಿ, ಒದ್ದೆ ಕೈಯಲ್ಲೇ ತೊಟ್ಟಿಯ ಅಂಚು ಹಿಡಿದುಕೊಂಡು, ಮೊದಲ ಸಲ ನನ್ನ ಮುಖ ನೋಡಿದಳು.

‘ಅಷ್ಟೇನಾ?’ ಎಂದಳು. ‘ಅಷ್ಟೇ ಆಗೋದಾಗಿದ್ರೆ, ಅವತ್ತು ನನ್ನ ಬಾಯಲ್ಲಿ ಆ ಸುಳ್ಳು ಯಾಕೋ ಹೇಳಿಸಿದೆ ಗುಂಡ?’